ಸುಳ್ಳು ಲಾಭ ಎಲ್ಲಿ ಮಲಗಿರುತ್ತದೆ?

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಲೆಕ್ಕಪತ್ರದ ಮೋಸದ ಕುರಿತವು. ಷೇರು ಕೊಂಡವರು, ಕಾಫಿ ಹಾಕಿದವರು, ಠೇವಣಿ ಇಟ್ಟವರು, ಲೆಕ್ಕ ಬರೆಯುವವರು ಎಲ್ಲರೂ ಕೇಳಿದ್ದಾರೆ. ಲೆಕ್ಕಪರಿಶೋಧನೆ ಮತ್ತು ಬ್ಯಾಂಕ್ ಸಾಲದ ತಪಾಸಣೆಯಲ್ಲಿ ಪಳಗಿದ ನಮ್ಮ ಬಳಗದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ನಾನು ಷೇರು ಕೊಂಡಿರುವ ಕಂಪನಿ ಐದು ವರ್ಷದಿಂದ ಲಾಭ ಏರಿಸಿಕೊಂಡೇ ಬಂದಿದೆ. ಆದರೆ ಡಿವಿಡೆಂಡ್ ಇಲ್ಲ, ಸಾಲ ಮಾತ್ರ ಬೆಳೆಯುತ್ತಿದೆ. ವಾರ್ಷಿಕ ವರದಿ 300 ಪುಟ. ನನ್ನಂಥವರು ಯಾವ ಪುಟ ನೋಡಬೇಕು?
– ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಮೊದಲ ನೂರು ಪುಟ ಬಿಡಿ ಸರ್. ಅಲ್ಲಿರುವುದು ಬಣ್ಣದ ಚಿತ್ರ, ಅಧ್ಯಕ್ಷರ ಭಾಷಣ.

ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಮಿಕ್ಕಿದ್ದು ಸುಲಭ. ಲೆಕ್ಕ ಬರೆಯುವುದು ಜೋಡಿ ನಮೂದಿನಲ್ಲಿ. ಸುಳ್ಳು ಮಾರಾಟವೊಂದನ್ನು ಕ್ರೆಡಿಟ್ ಮಾಡಿದರೆ ಅಷ್ಟೇ ಮೊತ್ತವನ್ನು ಇನ್ನೆಲ್ಲೋ ಡೆಬಿಟ್ ಮಾಡಲೇಬೇಕು, ಇಲ್ಲದಿದ್ದರೆ ತಾಳೆ ಕೂಡುವುದಿಲ್ಲ. ಹಾಗಾಗಿ ಲಾಭ-ನಷ್ಟದ ಪಟ್ಟಿಯಲ್ಲಿ ಹುಟ್ಟಿದ ಸುಳ್ಳು ಮಲಗಲು ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ಜಾಗ ಹುಡುಕುತ್ತದೆ. ಅದಕ್ಕೆ ಸಿಗುವ ಹಾಸಿಗೆಗಳು ಬೆರಳೆಣಿಕೆಯಷ್ಟು: ಗಿರಾಕಿಗಳಿಂದ ಬರಬೇಕಾದ ಬಾಕಿ, ಗೋದಾಮಿನ ಸರಕು, ಮುಗಿಯದ ಕಾಮಗಾರಿ, ಸಂಬಂಧಿಕ ಕಂಪನಿಗೆ ಕೊಟ್ಟ ಮುಂಗಡ. ತೀರಾ ಧೈರ್ಯವಿದ್ದವರಿಗೆ ಬ್ಯಾಂಕಿನ ನಗದು. ಲಾಭ ನೋಡುವುದನ್ನು ಬಿಟ್ಟು ಈ ಹಾಸಿಗೆಗಳನ್ನು ತಡವಿ ನೋಡಿ.

ಬಾಕಿಯಿಂದ ಶುರು ಮಾಡೋಣ. ಕಂಪನಿಯ ಮಾರಾಟ 100 ಕೋಟಿ, ವರ್ಷದ ಕೊನೆಗೆ ಬಾಕಿ 20 ಕೋಟಿ ಎಂದುಕೊಳ್ಳಿ. 20ನ್ನು 100ರಿಂದ ಭಾಗಿಸಿ 365ರಿಂದ ಗುಣಿಸಿದರೆ 73. ಅಂದರೆ ಸರಾಸರಿ 73 ದಿನಕ್ಕೆ ಹಣ ಬರುತ್ತಿದೆ. ಮರುವರ್ಷ ಮಾರಾಟ 130 ಕೋಟಿ, ಬಾಕಿ 45 ಕೋಟಿ. ಈಗ 126 ದಿನ. ಹೆಚ್ಚಿದ 30 ಕೋಟಿ ಮಾರಾಟದಲ್ಲಿ 25 ಕೋಟಿಯಷ್ಟು ಬಾಕಿಯೇ ಬೆಳೆದು ಕೂತಿದೆ. ಒಂದೋ ಹಣ ಕೊಡದ ಗಿರಾಕಿಗಳಿಗೆ ಮಾರಿದ್ದಾರೆ, ಇಲ್ಲವೇ ಗಿರಾಕಿಗಳೇ ಇಲ್ಲ. ಎರಡೂ ಒಳ್ಳೆಯ ಸುದ್ದಿಯಲ್ಲ.

ಇದನ್ನು ನಗದು ಹರಿವಿನ ಪಟ್ಟಿಯಲ್ಲಿ ತಾಳೆ ನೋಡಿ. ಅದರ ಮೊದಲ ಭಾಗ ‘ವ್ಯವಹಾರದಿಂದ ಬಂದ ನಗದು’. ನಮ್ಮ ಉದಾಹರಣೆಯ ಕಂಪನಿ ಎರಡನೇ ವರ್ಷ 17 ಕೋಟಿ ಲಾಭ ತೋರಿಸಿದರೂ ಬಾಕಿ 25 ಕೋಟಿ ಬೆಳೆದಿರುವುದರಿಂದ ಇಲ್ಲಿ 8 ಕೋಟಿ ಮೈನಸ್ ಕಾಣುತ್ತದೆ. ಒಂದು ವರ್ಷ ಹೀಗಾದರೆ ತಪ್ಪಿಲ್ಲ, ಬೆಳೆಯುವ ಕಂಪನಿಗೆ ಆಗುವುದೇ. ಐದು ವರ್ಷದ ಲಾಭವನ್ನೂ ಐದು ವರ್ಷದ ಈ ನಗದನ್ನೂ ಬೇರೆ ಬೇರೆ ಕೂಡಿ. ಲಾಭ 80 ಕೋಟಿ, ನಗದು 10 ಕೋಟಿ ಎಂದು ಬಂದರೆ ಆ ಕಂಪನಿ ಲಾಭದಿಂದ ಬದುಕುತ್ತಿಲ್ಲ, ಸಾಲದಿಂದ ಬದುಕುತ್ತಿದೆ. ಲಾಭ ಏರಿದಂತೆ ಸಾಲವೂ ಏರಿದೆ ಎಂದು ನೀವು ಬರೆದಿರುವುದು ಹೆಚ್ಚುಕಡಿಮೆ ಇದನ್ನೇ.

ಆಮೇಲೆ ಟಿಪ್ಪಣಿಗಳಿಗೆ ಹೋಗಿ. 2021ರ ಏಪ್ರಿಲ್‌ನಿಂದ ಬಾಕಿಯ ವಯಸ್ಸನ್ನು ಆರು ತಿಂಗಳೊಳಗೆ, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರು ಮೀರಿದ್ದು ಎಂದು ಬಿಡಿಸಿ ಕೊಡುವುದು ಕಡ್ಡಾಯ. ಕಳೆದ ವರ್ಷ ‘ಆರು ತಿಂಗಳೊಳಗೆ’ ಕಾಲಂನಲ್ಲಿದ್ದ ಮೊತ್ತ ಈ ವರ್ಷ ‘ಒಂದರಿಂದ ಎರಡು’ ಕಾಲಂಗೆ ಜರುಗಿದ್ದರೆ ಆ ಬಿಲ್ಲಿಗೆ ಹಣ ಬಂದಿಲ್ಲ. ಎರಡು ವರ್ಷದ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿ, ಹತ್ತು ನಿಮಿಷದ ಕೆಲಸ.

ಲೆಕ್ಕಪರಿಶೋಧಕರ ವರದಿಗೆ ‘ಕ್ಯಾರೊ 2020’ ಎಂಬ ಅನುಬಂಧ ಇರುತ್ತದೆ. ಯಾರೂ ಓದದ ಪುಟ ಅದು, ಆದರೆ ಇಡೀ ವರದಿಯಲ್ಲಿ ನೇರವಾಗಿ ಮಾತಾಡುವುದು ಅದೊಂದೇ. ಬ್ಯಾಂಕುಗಳಿಂದ 5 ಕೋಟಿಗೂ ಹೆಚ್ಚಿನ ದುಡಿಯುವ ಬಂಡವಾಳದ ಸಾಲ ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿಗೂ ಪುಸ್ತಕಕ್ಕೂ ತಾಳೆಯಾಗುತ್ತದೆಯೇ ಎಂದು ಅಲ್ಲಿ ಹೇಳಬೇಕು. ವ್ಯತ್ಯಾಸದ ಪಟ್ಟಿ ಕಂಡರೆ ನಿಲ್ಲಿ. ಪರಿಶೋಧಕರು ನಡುವರ್ಷದಲ್ಲಿ ರಾಜೀನಾಮೆ ಕೊಟ್ಟಿದ್ದರೂ ಅಲ್ಲೇ ಗೊತ್ತಾಗುತ್ತದೆ. ‘ಕೆಲಸದ ಒತ್ತಡ’ ಎಂಬ ಕಾರಣ ಕೊಟ್ಟು ವಾರ್ಷಿಕ ಲೆಕ್ಕಕ್ಕೆ ಒಂದು ತಿಂಗಳಿರುವಾಗ ಬಿಟ್ಟುಹೋದರೆ ನೀವೂ ಅವರ ಹಿಂದೆಯೇ ಹೊರಡುವುದು ಲೇಸು.

ಮುಗಿಯದ ಕಾಮಗಾರಿಯ ಹಾಸಿಗೆಯನ್ನು ಮರೆಯಬೇಡಿ. ದಿನನಿತ್ಯದ ಖರ್ಚನ್ನು ಖರ್ಚೆಂದು ಬರೆಯದೆ ಆಸ್ತಿ ಎಂದು ಬರೆದರೆ ಲಾಭ ತಾನಾಗಿ ಏರುತ್ತದೆ. 2002ರಲ್ಲಿ ಅಮೆರಿಕದ ವರ್ಲ್ಡ್‌ಕಾಮ್ ಸಿಕ್ಕಿಬಿದ್ದದ್ದು ಇದರಲ್ಲೇ. ಬೇರೆ ಕಂಪನಿಗಳ ದೂರವಾಣಿ ತಂತಿ ಬಳಸಿದ್ದಕ್ಕೆ ಕಟ್ಟಿದ ಬಾಡಿಗೆಯನ್ನು ಬಂಡವಾಳವೆಂದು ಬರೆದಿತ್ತು. ಮೊದಲು 380 ಕೋಟಿ ಡಾಲರ್ ಎಂದರು, ತೋಡಿದಷ್ಟೂ ಬೆಳೆದು ಕೊನೆಗೆ 1,100 ಕೋಟಿ ಡಾಲರ್‌ಗೆ ಬಂತು. ‘ನಿರ್ಮಾಣ ಹಂತದ’ ಕಟ್ಟಡ ಮೂರ್ನಾಲ್ಕು ವರ್ಷವಾದರೂ ಮುಗಿಯದೆ ಮೊತ್ತ ಮಾತ್ರ ದಪ್ಪಗಾಗುತ್ತಿದ್ದರೆ ಅನುಮಾನಪಡಿ.

ಪ್ರಶ್ನೆ: ನಮ್ಮ ಕಡೆ ಬೆಳೆಗಾರರು ಕಾಫಿಯನ್ನು ವ್ಯಾಪಾರಿಯ ಗೋದಾಮಿಗೆ ಹಾಕಿ, ರೇಟು ಬಂದಾಗ ಮುರಿದುಕೊಳ್ಳುವುದು (ಬೆಲೆ ಕಟ್ಟಿಸಿ ಹಣ ಪಡೆಯುವುದು) ರೂಢಿ. ವ್ಯಾಪಾರಿ ಆ ಕಾಫಿ ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತುತ್ತಾರೆ ಎನ್ನುತ್ತಾರೆ. ಇದು ಹೇಗೆ? ನಮಗೇನಾದರೂ ತೊಂದರೆಯೇ?
– ಬೆಳೆಗಾರರು, ಮೂಡಿಗೆರೆ

ಉತ್ತರ: ತೊಂದರೆ ಇದೆ, ಅದೂ ನೇರವಾಗಿ ನಿಮಗೇ. ಲೆಕ್ಕ ಹಾಕಿ ತೋರಿಸುತ್ತೇವೆ.

ವ್ಯಾಪಾರಿಗೆ ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಖಾತೆ ಇರುತ್ತದೆ. ಪ್ರತಿ ತಿಂಗಳು ಅವರು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಒಟ್ಟು ಸರಕಿನ ಬೆಲೆಯಲ್ಲಿ ಇನ್ನೂ ಹಣ ಕೊಡದ ಸರಕಿನ ಬೆಲೆ ಕಳೆದು, ಉಳಿದದ್ದರಲ್ಲಿ ಸಾಮಾನ್ಯವಾಗಿ ಶೇ 25 ಮಾರ್ಜಿನ್ ತೆಗೆದು, ಬಂದ ಮೊತ್ತದವರೆಗೆ ಹಣ ಎತ್ತಲು ಬ್ಯಾಂಕ್ ಬಿಡುತ್ತದೆ. ಬ್ಯಾಂಕಿನವರ ಬಾಯಲ್ಲಿ ಇದು ‘ಡಿಪಿ’.

ಗೋದಾಮಿನಲ್ಲಿ 50 ಕೆ.ಜಿ.ಯ 1,000 ಚೀಲ ರೋಬಸ್ಟಾ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ) ಇದೆ, ಲೆಕ್ಕಕ್ಕೆ ಚೀಲಕ್ಕೆ 10,000 ರೂಪಾಯಿ ಎಂದುಕೊಳ್ಳಿ. ಒಟ್ಟು 1 ಕೋಟಿ. ಅದರಲ್ಲಿ 40 ಲಕ್ಷದ ಕಾಫಿಗೆ ಬೆಳೆಗಾರರಿಗೆ ಇನ್ನೂ ಹಣ ಕೊಟ್ಟಿಲ್ಲ. ಸರಿಯಾಗಿ ಬರೆದರೆ 60 ಲಕ್ಷ, ಮಾರ್ಜಿನ್ ಕಳೆದು ಡಿಪಿ 45 ಲಕ್ಷ. ಕೊಡಬೇಕಾದ 40 ಲಕ್ಷವನ್ನು ಪಟ್ಟಿಯಲ್ಲಿ ಬರೆಯದೆ ನುಂಗಿದರೆ ಡಿಪಿ 75 ಲಕ್ಷ. ಹೆಚ್ಚಿಗೆ ಸಿಕ್ಕ 30 ಲಕ್ಷ ನಿಮ್ಮ ಕಾಫಿಯ ಮೇಲೆ ಎತ್ತಿದ್ದು, ನಿಮಗೆ ಗೊತ್ತಿಲ್ಲದೆ. ಇಲ್ಲಿ ಒಂದು ಚೀಲವೂ ಸುಳ್ಳಲ್ಲ ಎಂಬುದನ್ನು ಗಮನಿಸಿ. ಸರಕನ್ನು ಹಿಗ್ಗಿಸುವುದಕ್ಕಿಂತ ಕೊಡಬೇಕಾದ ಸಾಲವನ್ನು ಮುಚ್ಚಿಡುವುದೇ ಸುಲಭದ ದಾರಿ. ಗೋದಾಮಿಗೆ ಬಂದು ಎಣಿಸಿದವರಿಗೂ ಅದು ಕಾಣುವುದಿಲ್ಲ.

ಸರಕನ್ನೇ ಹಿಗ್ಗಿಸುವವರೂ ಇದ್ದಾರೆ. ಚೀಲದ ಅಟ್ಟಿ ಉದ್ದಕ್ಕೆ 20, ಅಗಲಕ್ಕೆ 10, ಎತ್ತರಕ್ಕೆ 12 ಇದ್ದರೆ ಎಣಿಸಿದವರು 2,400 ಎಂದು ಬರೆದುಕೊಂಡು ಹೋಗುತ್ತಾರೆ. ಹೊರಗಿನ ಒಂದು ಸಾಲು ಮತ್ತು ಮೇಲಿನ ಒಂದು ವರಸೆ ಮಾತ್ರ ನಿಜವಾಗಿದ್ದು, ಒಳಗೆ ಹಲಗೆ ಕಟ್ಟಿ ಟೊಳ್ಳು ಬಿಟ್ಟಿದ್ದರೆ 816 ಚೀಲಕ್ಕೇ ಕೆಲಸ ಮುಗಿಯುತ್ತದೆ. ಒಳಗೆ ಹೊಟ್ಟಿನ ಚೀಲ ತುಂಬುವುದು ಇನ್ನೊಂದು ಬಗೆ. ಚೆರಿಯನ್ನು ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಎಂದು ಬರೆಯುವುದು ಮತ್ತೊಂದು. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿನಿಂದ ಸುಮಾರು 40 ಕೆ.ಜಿ. ಬೇಳೆ (ಹಸನಾದ ಕಾಫಿ ಬೀಜ) ಬಂದರೆ 50 ಕೆ.ಜಿ. ರೋಬಸ್ಟಾ ಚೆರಿಯ ಔಟ್‌ಟರ್ನ್ (ಸಿಗುವ ಬೇಳೆ) 26–27 ಕೆ.ಜಿ. ಅಷ್ಟೆ. ಆದ್ದರಿಂದ 1,000 ಚೀಲ ಚೆರಿ ಮಿಲ್ಲಿಗೆ ಹೋಗಿ 35 ಟನ್ ಬೇಳೆ ಬಂತು ಎಂದು ಪುಸ್ತಕ ಹೇಳಿದರೆ ಪುಸ್ತಕವೇ ಸುಳ್ಳು. 26–27 ಟನ್ ಮೀರಿ ಬರಲು ಸಾಧ್ಯವಿಲ್ಲ.

ತಪಾಸಣೆಗೆ ಬರುವ ಅಧಿಕಾರಿ ಅಟ್ಟಿಯ ಹೊರಮೈ ಎಣಿಸಿದರೆ ಸಾಲದು. ಮೇಲೆ ಹತ್ತಿ ನಡುವಿನ ನಾಲ್ಕು ಚೀಲ ಎತ್ತಿಸಬೇಕು, ಕೊಳವೆ ಚುಚ್ಚಿ ಮಾದರಿ ತೆಗೆಯಬೇಕು. ಅದಕ್ಕಿಂತ ಒಳ್ಳೆಯ ಸಾಕ್ಷಿ ಹಮಾಲಿ ಪುಸ್ತಕ. ಚೀಲ ಒಳಗೆ ಬಂದರೂ ಹೊರಗೆ ಹೋದರೂ ಹಮಾಲರಿಗೆ ಕೂಲಿ ಕೊಡಲೇಬೇಕು, ಬಾರದ ಚೀಲಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಜೊತೆಗೆ ಸಿಪ್ಪೆ ತೆಗೆಯುವ ಯಂತ್ರವಾದ ಹಲ್ಲರ್‌ನ ಕರೆಂಟ್ ಬಿಲ್ಲು. ಇನ್ನು ಕಾಲಮಾನ: ಅರೇಬಿಕಾ ಕೊಯ್ಲು ಹೆಚ್ಚಾಗಿ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆಗಸ್ಟ್ ಮಳೆಯಲ್ಲಿ ಸ್ಟಾಕ್ ಏರುತ್ತಾ ಹೋಗಿರುವ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಿದ ಬ್ಯಾಂಕ್ ಅಧಿಕಾರಿಗೆ ಮಲೆನಾಡಿನ ಪರಿಚಯ ಸಾಲದು.

ಇದು ಸಣ್ಣವರ ಆಟ ಎಂದುಕೊಳ್ಳಬೇಡಿ. 2013ರ ಜುಲೈ 31ರಂದು ಸರಕುಗಳ ವಿನಿಮಯ ಪೇಟೆಯಾದ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ವಹಿವಾಟು ನಿಲ್ಲಿಸಿದಾಗ ಸುಮಾರು 13,000 ಹೂಡಿಕೆದಾರರ 5,600 ಕೋಟಿ ರೂಪಾಯಿ ಸಿಕ್ಕಿಕೊಂಡಿತು. ಹಣಕ್ಕೆ ಆಧಾರವಾಗಿ ಗೋದಾಮಿನಲ್ಲಿದೆ ಎಂದಿದ್ದ ಸರಕು ಹುಡುಕಿದರೆ ಬಹುಪಾಲು ಇರಲೇ ಇಲ್ಲ.

ಈಗ ನೀವು ಮಾಡಬೇಕಾದದ್ದು. ಕಾಫಿ ಹಾಕಿದ ದಿನವೇ ಚೀಟಿ ತೆಗೆದುಕೊಳ್ಳಿ. ಅದರಲ್ಲಿ ತಳಿ, ಚೆರಿಯೋ ಪಾರ್ಚ್‌ಮೆಂಟೋ, ತೂಕ, ತೇವಾಂಶ, ಔಟ್‌ಟರ್ನ್, ದಿನಾಂಕ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ‘ಶೇಖರಣೆಗಾಗಿ ಮಾತ್ರ, ಮಾರಾಟವಲ್ಲ, ಮಾಲೀಕತ್ವ ಬೆಳೆಗಾರರದ್ದು’ ಎಂಬ ಸಾಲು ಇರಲಿ. ಆ ಸಾಲಿದ್ದರೆ ಕಾಫಿ ನಿಮ್ಮದು, ನಿಮ್ಮ ಒಪ್ಪಿಗೆಯಿಲ್ಲದೆ ಅಡವಿಟ್ಟದ್ದನ್ನು ನೀವು ಪ್ರಶ್ನಿಸಬಹುದು. ಇಲ್ಲದಿದ್ದರೆ ‘ಮಾರಿದ್ದಾರೆ, ಹಣ ಬಾಕಿ’ ಎಂದು ಓದಿಕೊಳ್ಳುತ್ತಾರೆ. ವ್ಯಾಪಾರಿ ಮುಳುಗಿದ ದಿನ ಸರಕಿನ ಮೇಲೆ ಬ್ಯಾಂಕಿನ ಹಕ್ಕು ಮೊದಲು, ಯಾವ ಭದ್ರತೆಯೂ ಇಲ್ಲದೆ ಹಣ ಬರಬೇಕಾದವರಾದ ನೀವು ಸಾಲಿನ ಹಿಂದೆ. ತುಂಬ ದಿನ ಇಡುವುದಿದ್ದರೆ ಉಗ್ರಾಣ ಪ್ರಾಧಿಕಾರದಲ್ಲಿ ನೋಂದಾಯಿಸಿದ ಗೋದಾಮಿನಲ್ಲಿಟ್ಟು ಎಲೆಕ್ಟ್ರಾನಿಕ್ ರಸೀದಿ ಪಡೆಯಿರಿ. ಸಾಲ ಬೇಕಿದ್ದರೆ ಆ ರಸೀದಿಯ ಮೇಲೆ ನೀವೇ ಎತ್ತಬಹುದು. ಹೊಳೆಗೆ ಸುರಿದರೂ ಅಳೆದು ಸುರಿ ಎಂದ ಹಿರಿಯರು ಚೀಟಿ ತೆಗೆದುಕೋ ಎಂದೂ ಸೇರಿಸಬೇಕಿತ್ತು.

ಪ್ರಶ್ನೆ: ಸತ್ಯಂ ಕಂಪನಿಯ ಬ್ಯಾಂಕ್ ಖಾತೆಯಲ್ಲಿ ಸಾವಿರಾರು ಕೋಟಿ ಇಲ್ಲದೆಯೂ ಇದೆ ಎಂದು ತೋರಿಸಿದ್ದರು ಎಂದು ಪಾಠದಲ್ಲಿ ಓದಿದೆ. ಬ್ಯಾಂಕ್ ಬ್ಯಾಲೆನ್ಸನ್ನು ಪರಿಶೀಲಿಸುವುದು ಅಷ್ಟು ಕಷ್ಟವೇ?
– ಬಿ.ಕಾಂ. ವಿದ್ಯಾರ್ಥಿನಿ, ಹಾಸನ

ಉತ್ತರ: ಕಷ್ಟವಲ್ಲ ಕಣಮ್ಮಾ, ಅದಕ್ಕೇ ಅದು ಅಷ್ಟು ದೊಡ್ಡ ನಾಚಿಕೆಗೇಡು.

2009ರ ಜನವರಿ 7ರಂದು ಹೈದರಾಬಾದಿನ ಐಟಿ ಕಂಪನಿ ಸತ್ಯಂನ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರದ ಅಂಕಿಗಳನ್ನು ನಿನ್ನ ನೋಟ್ಸಿನಲ್ಲಿ ಬರೆದುಕೋ. ಜೋಡಿ ನಮೂದಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2008ರ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ತೋರಿಸಿದ್ದ ಆದಾಯ 2,700 ಕೋಟಿ, ನಿಜ 2,112 ಕೋಟಿ. ತೋರಿಸಿದ್ದ ಕಾರ್ಯಾಚರಣೆ ಲಾಭ 649 ಕೋಟಿ, ನಿಜ 61 ಕೋಟಿ. ಎರಡರಲ್ಲೂ ಕಳೆದು ನೋಡು: 588, 588. ಹುಸಿ ಮಾರಾಟಕ್ಕೆ ಖರ್ಚಿಲ್ಲ, ಆದ್ದರಿಂದ ಮಾರಾಟದಲ್ಲಿ ಎಷ್ಟು ಸುಳ್ಳೋ ಲಾಭದಲ್ಲೂ ಅಷ್ಟೇ ಸುಳ್ಳು. ಆ ಒಂದೇ ತ್ರೈಮಾಸಿಕದಲ್ಲಿ ಹುಸಿ ನಗದು ಬೆಳೆದದ್ದೂ 588 ಕೋಟಿ. ಹೀಗೆ ವರ್ಷಗಟ್ಟಲೆ ಪೇರಿಸಿ, ಪುಸ್ತಕದಲ್ಲಿದ್ದ 5,361 ಕೋಟಿ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆದಾಯದಲ್ಲಿ ಶೇ 24 ಲಾಭ ತೋರಿಸುತ್ತಿದ್ದ ಕಂಪನಿ ನಿಜವಾಗಿ ಗಳಿಸುತ್ತಿದ್ದದ್ದು ಶೇ 3.

ಸುಳ್ಳನ್ನು ಬಾಕಿಯಲ್ಲಿ ಮಲಗಿಸದೆ ನಗದಿಗೆ ಯಾಕೆ ಸಾಗಿಸಿದರು? ಬಾಕಿ ಬೆಳೆದರೆ ‘ಯಾಕೆ ವಸೂಲಾಗಿಲ್ಲ’ ಎಂದು ಎಲ್ಲರೂ ಕೇಳುತ್ತಾರೆ. ನಗದಿದ್ದರೆ ಯಾರೂ ಕೇಳುವುದಿಲ್ಲ, ಕೈ ಕುಲುಕುತ್ತಾರೆ. ಬೇಕಾಗಿದ್ದದ್ದು ನಕಲಿ ಠೇವಣಿ ರಸೀದಿ, ನಕಲಿ ಬ್ಯಾಂಕ್ ಪತ್ರ.

ಪರಿಶೋಧನೆಯ ಮಾನದಂಡ 505 ಹೇಳುವುದು ಇಷ್ಟೆ: ಬ್ಯಾಲೆನ್ಸ್ ಎಷ್ಟೆಂದು ಕೇಳುವ ಖಾತ್ರಿಪತ್ರವನ್ನು ಪರಿಶೋಧಕರು ತಾವೇ ಬ್ಯಾಂಕಿಗೆ ಕಳಿಸಬೇಕು, ಉತ್ತರ ನೇರವಾಗಿ ಅವರ ಕೈಗೇ ಬರಬೇಕು. ನಡುವೆ ಕಂಪನಿಯ ಗುಮಾಸ್ತ ಲಕೋಟೆ ಹಿಡಿದು ಓಡಾಡಿದರೆ ಖಾತ್ರಿಪತ್ರಕ್ಕೆ ಬೆಲೆಯಿಲ್ಲ. ಇನ್ನೊಂದು ಪರೀಕ್ಷೆ ಬಡ್ಡಿಯದ್ದು. 100 ಕೋಟಿ ಠೇವಣಿ ಇದೆ, ದರ ಶೇ 6–7 ಎಂದಾದರೆ ಬಡ್ಡಿ 6–7 ಕೋಟಿ ಬರಬೇಕು, 2 ಕೋಟಿ ಬಂದಿದ್ದರೆ ಉಳಿದ ಠೇವಣಿ ಎಲ್ಲಿ? ಸತ್ಯಂನಲ್ಲಿ ಬಡ್ಡಿಯನ್ನೂ ಸೃಷ್ಟಿಸಿದ್ದರು, ‘ಬರಬೇಕಾದ ಬಡ್ಡಿ’ 376 ಕೋಟಿ. ಅಂಥ ಜಾಣರಿಗೆ ಮೂರನೇ ಪರೀಕ್ಷೆ ಬೇಕು: ಬ್ಯಾಂಕು ಬಡ್ಡಿ ಕೊಟ್ಟರೆ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕಡಿಯುತ್ತದೆ, ಅದು ಆದಾಯ ತೆರಿಗೆ ಇಲಾಖೆಯ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣುತ್ತದೆ. ನಕಲಿ ರಸೀದಿ ಮುದ್ರಿಸಬಹುದು, ಬ್ಯಾಂಕಿನ ಟಿಡಿಎಸ್ ಹುಟ್ಟಿಸಲಾಗದು.

2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಗೆ 7 ವರ್ಷದ ಶಿಕ್ಷೆ ವಿಧಿಸಿತು. ಪರಿಶೋಧಕರು ಹತ್ತು ವರ್ಷದ ಮೇಲೆ ಒಂದೇ ಕಂಪನಿಯಲ್ಲಿ ಮುಂದುವರಿಯದಂತೆ ಬದಲಾವಣೆ ತಂದ 2013ರ ಕಂಪನಿ ಕಾಯ್ದೆಯ ಹಿಂದೆ ಇದರ ನೆರಳಿದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನಬಹುದು, ಆದರೂ ಬಾಗಿಲು ಬಂತಲ್ಲ.

ಪ್ರಶ್ನೆ: ನಮ್ಮೂರಿಂದಲೇ ಬೆಳೆದ ಕಾಫಿ ಡೇ ಬಗ್ಗೆ ಸೆಬಿ ದಂಡ ಹಾಕಿದ್ದು ಓದಿದ್ದೇವೆ. ‘ಸಂಬಂಧಿತ ಸಂಸ್ಥೆಗೆ ಹಣ’ ಎಂದರೆ ಏನು? ಸ್ವಂತದ್ದೇ ಕಂಪನಿಯಿಂದ ಸ್ವಂತದ್ದೇ ಇನ್ನೊಂದಕ್ಕೆ ಕೊಟ್ಟರೆ ತಪ್ಪೇನು?
– ಓದುಗರು, ಚಿಕ್ಕಮಗಳೂರು

ಉತ್ತರ: ‘ಸ್ವಂತದ್ದು’ ಎಂಬ ಪದದಲ್ಲೇ ತೊಡಕಿದೆ. ಷೇರು ಪೇಟೆಗೆ ಬಂದ ಕಂಪನಿ ಪ್ರವರ್ತಕರ ಸ್ವಂತದ್ದಲ್ಲ, ಷೇರು ಕೊಂಡ ಎಲ್ಲರದ್ದು. ಪ್ರವರ್ತಕರ ಖಾಸಗಿ ಸಂಸ್ಥೆ ಮಾತ್ರ ಅವರದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಹಣ ಹೋದರೆ ಲೆಕ್ಕದಲ್ಲಿ ನಷ್ಟ ಕಾಣುವುದಿಲ್ಲ, ‘ಮುಂಗಡ’ ಅಥವಾ ‘ಬರಬೇಕಾದದ್ದು’ ಎಂದು ಆಸ್ತಿಯಾಗಿಯೇ ಕಾಣುತ್ತದೆ.

ಸೆಬಿ 2023ರ ಜನವರಿಯ ಆದೇಶದಲ್ಲಿ ಹೇಳಿದ್ದು ಹೀಗೆ: ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರಿಗೆ ಸಂಬಂಧಿಸಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋಗಿತ್ತು. ದಂಡ 26 ಕೋಟಿ. ಇದರಲ್ಲಿ ಓದುಗರು ಗಮನಿಸಬೇಕಾದದ್ದು ದಿನಾಂಕ. 2019ರ ಮಾರ್ಚ್ 31ರ ಲೆಕ್ಕದಲ್ಲಿ ಆ ಬಾಕಿ 842 ಕೋಟಿ, ಜುಲೈ ಕೊನೆಗೆ 3,535 ಕೋಟಿ. ಬ್ಯಾಲೆನ್ಸ್ ಶೀಟ್ ಎನ್ನುವುದು ಒಂದು ದಿನದ ಫೋಟೋ. ಆ ದಿನದ ಹಿಂದೆ ಮುಂದೆ ಏನಾಯಿತು ಎಂಬುದು ಫೋಟೋದಲ್ಲಿ ಇರುವುದಿಲ್ಲ.

ವಾರ್ಷಿಕ ವರದಿಯಲ್ಲಿ ‘ಸಂಬಂಧಿತ ವ್ಯಕ್ತಿಗಳೊಂದಿಗಿನ ವ್ಯವಹಾರ’ ಎಂಬ ಟಿಪ್ಪಣಿ ಇರುತ್ತದೆ. ವರ್ಷದೊಳಗೆ ಕೊಟ್ಟದ್ದು, ಹಿಂದೆ ಬಂದದ್ದು, ಕೊನೆಗೆ ಉಳಿದದ್ದು ಮೂರನ್ನೂ ನೋಡಿ. ಕೊನೆಗೆ ಉಳಿದದ್ದು ಸಣ್ಣದಿದ್ದು ವರ್ಷದೊಳಗಿನ ಓಡಾಟ ದೊಡ್ಡದಿದ್ದರೆ ಮಾರ್ಚ್ 31ಕ್ಕೆ ಮುಖ ತೊಳೆಸಿ ಕೂರಿಸಿರುವ ಸಾಧ್ಯತೆ ಇದೆ.

ಪ್ರಶ್ನೆ: ಸೌಹಾರ್ದ ಸಹಕಾರಿಯೊಂದರಲ್ಲಿ 6 ಲಕ್ಷ ಠೇವಣಿ ಇಟ್ಟಿದ್ದೇನೆ. ಸಾಲ ವಸೂಲಿ ಶೇ 100 ಎಂದು ಬೋರ್ಡ್ ಹಾಕಿದ್ದಾರೆ. ನಂಬಬಹುದೇ?
– ಗೃಹಿಣಿ, ಅರಸೀಕೆರೆ

ಉತ್ತರ: ಮೊದಲು ಒಂದು ಕಹಿ ಮಾತು. 5 ಲಕ್ಷದ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಪಟ್ಟಣ ಸಹಕಾರ ಬ್ಯಾಂಕು ಮತ್ತು ಡಿಸಿಸಿ ಬ್ಯಾಂಕು ಸೇರಿ. ಸೌಹಾರ್ದ ಪತ್ತಿನ ಸಹಕಾರಿಗೆ, ಪತ್ತಿನ ಸಹಕಾರ ಸಂಘಕ್ಕೆ ಅದು ಇಲ್ಲ.

ಶೇ 100 ವಸೂಲಿ ಹೇಗೆ ಸಾಧ್ಯ? ಒಬ್ಬರು 2 ಲಕ್ಷ ಸಾಲ ತೆಗೆದು ಒಂದು ಪೈಸೆ ಕಟ್ಟಿಲ್ಲ, ಬಡ್ಡಿ ಶೇ 14. ಮಾರ್ಚ್ ಕೊನೆಗೆ ಬಾಕಿ 2 ಲಕ್ಷದ 28 ಸಾವಿರ. ಮಾರ್ಚ್ 30ರಂದು ಅವರ ಹೆಸರಿಗೋ ಮನೆಯವರ ಹೆಸರಿಗೋ 2.28 ಲಕ್ಷದ ಹೊಸ ಸಾಲ ಮಂಜೂರು ಮಾಡಿ ಹಳೆಯದನ್ನು ಮುಗಿಸುತ್ತಾರೆ. ಹಳೆ ಸಾಲ ಪೂರ್ತಿ ವಸೂಲು, ಬಡ್ಡಿ ಆದಾಯ 28,000, ಸುಸ್ತಿ ಸೊನ್ನೆ. ನಗದು ಒಂದು ರೂಪಾಯಿ ಅಲುಗಿಲ್ಲ. ಸಂಘಗಳಲ್ಲಿ ಇದಕ್ಕೆ ‘ಬುಕ್ ಅಡ್ಜಸ್ಟ್‌ಮೆಂಟ್’ ಎಂಬ ಮರ್ಯಾದಸ್ಥ ಹೆಸರಿದೆ. ಆ 28,000ದ ಮೇಲೆ ಡಿವಿಡೆಂಡ್ ಹಂಚಿದರೆ ಹಂಚಿದ್ದು ನಿಮ್ಮ ಠೇವಣಿಯನ್ನೇ.

ಮಹಾಸಭೆಗೆ ಹೋಗಿ, ಎರಡೇ ಪ್ರಶ್ನೆ ಕೇಳಿ. ಮಾರ್ಚ್ ಕೊನೆಯ ವಾರದಲ್ಲಿ ವಸೂಲಾದ ಸಾಲ ಎಷ್ಟು, ಅದೇ ವಾರ ಮತ್ತು ಏಪ್ರಿಲ್ ಮೊದಲ ವಾರದಲ್ಲಿ ಕೊಟ್ಟ ಸಾಲ ಎಷ್ಟು? ಎರಡೂ ಹತ್ತಿರ ಹತ್ತಿರ ಬಂದರೆ ಉತ್ತರ ಸಿಕ್ಕಿತು. ಎರಡನೆಯದು: ಅತಿ ದೊಡ್ಡ ಇಪ್ಪತ್ತು ಸಾಲಗಾರರ ಪಾಲು ಒಟ್ಟು ಸಾಲದಲ್ಲಿ ಶೇಕಡ ಎಷ್ಟು? 2019ರ ಸೆಪ್ಟೆಂಬರ್‌ನಲ್ಲಿ ಮುಗ್ಗರಿಸಿದ ಮುಂಬೈನ ಪಿಎಂಸಿ ಬ್ಯಾಂಕಿನಲ್ಲಿ ಒಂದೇ ಕಟ್ಟಡ ಕಂಪನಿಯ ಗುಂಪಿಗೆ ಕೊಟ್ಟ ಸಾಲವನ್ನು 21,049 ಹುಸಿ ಖಾತೆಗಳ ಹಿಂದೆ ಬಚ್ಚಿಟ್ಟಿದ್ದರು. ಮೊದಲ ದಿನ ಠೇವಣಿದಾರರಿಗೆ ತೆಗೆಯಲು ಬಿಟ್ಟದ್ದು ತಲಾ 1,000 ರೂಪಾಯಿ.

ಉತ್ತರ ಕೊಡದಿದ್ದರೆ ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಮುಗಿದ ಠೇವಣಿ ವಾಪಸು ಕೊಡದಿದ್ದರೆ ಠೇವಣಿದಾರರ ಹಿತರಕ್ಷಣೆಗೆಂದೇ ರಾಜ್ಯದಲ್ಲಿ 2004ರ ಕಾಯ್ದೆ ಇದೆ. 6 ಲಕ್ಷ ಒಂದೇ ಕಡೆ ಇಡುವುದನ್ನಂತೂ ಈ ಅವಧಿಗೇ ನಿಲ್ಲಿಸಿ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಅಕೌಂಟೆಂಟ್. ಸರಕು ಬಾರದ ಖರೀದಿ ಬಿಲ್ಲು, ಸರಕು ಹೋಗದ ಮಾರಾಟದ ಬಿಲ್ಲು ಎರಡನ್ನೂ ಟ್ಯಾಲಿ ಸಾಫ್ಟ್‌ವೇರಿಗೆ ಹಾಕು ಎನ್ನುತ್ತಾರೆ. ‘ಸಹಿ ನಮ್ಮದು, ನಿನಗೇನು’ ಎನ್ನುತ್ತಾರೆ. ನನಗೆ ಹೊಣೆ ಬರುತ್ತದೆಯೇ?
– ಹೆಸರು ಬೇಡ, ಹಾಸನ

ಉತ್ತರ: ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಂ ಲೆಕ್ಕ ತಿದ್ದುವ ಗುಮಾಸ್ತ, ಅಧಿಕಾರಿ, ನೌಕರನನ್ನೇ ಕುರಿತದ್ದು. ವಂಚಿಸುವ ಉದ್ದೇಶದಿಂದ ಸುಳ್ಳು ನಮೂದು ಮಾಡಿದರೆ 7 ವರ್ಷದವರೆಗೆ ಶಿಕ್ಷೆ. ಕಂಪನಿ ಕಾಯ್ದೆಯ 447ನೇ ಕಲಂ ಪ್ರಕಾರ ವಂಚನೆ 10 ಲಕ್ಷ ಅಥವಾ ವಹಿವಾಟಿನ ಶೇ 1, ಯಾವುದು ಕಡಿಮೆಯೋ ಅದನ್ನು ಮುಟ್ಟಿದರೆ 6 ತಿಂಗಳಿಂದ 10 ವರ್ಷ. ಸರಕಿಲ್ಲದ ಜಿಎಸ್‌ಟಿ ಬಿಲ್ಲಿನಲ್ಲಿ ತೆರಿಗೆ ಮೊತ್ತ 5 ಕೋಟಿ ದಾಟಿದರೆ ಜಾಮೀನುರಹಿತ.

ಖರೀದಿ, ಮಾರಾಟ ಎರಡನ್ನೂ ಜೋಡಿಸಿ ಯಾಕೆ ಹಾಕಿಸುತ್ತಾರೆ ಗೊತ್ತೇ? ಹುಸಿ ಮಾರಾಟ ಒಂದನ್ನೇ ತೋರಿಸಿದರೆ ಅದರ ಜಿಎಸ್‌ಟಿಯನ್ನು ನಿಜವಾದ ಹಣದಲ್ಲಿ ಕಟ್ಟಬೇಕು. ಅಷ್ಟೇ ಹುಸಿ ಖರೀದಿ ಇದ್ದರೆ ತೆರಿಗೆ ಒಂದಕ್ಕೊಂದು ವಜಾ ಆಗುತ್ತದೆ. ಮೂರ್ನಾಲ್ಕು ಸಂಸ್ಥೆಗಳು ಒಂದೇ ಬಿಲ್ಲನ್ನು ಸುತ್ತು ಹೊಡೆಸಿ, ವಹಿವಾಟು ದೊಡ್ಡದಾಗಿ ತೋರಿಸಿ ಬ್ಯಾಂಕ್ ಲಿಮಿಟ್ ಏರಿಸಿಕೊಳ್ಳುತ್ತವೆ. ಸಿಕ್ಕಿಬೀಳುವುದು ಲಾರಿಯಲ್ಲಿ: ಸರಕು ಸಾಗಣೆಯ ಇ-ವೇ ಬಿಲ್ಲಿನಲ್ಲಿ ಬರೆದ ನಂಬರು ಸ್ಕೂಟರಿನದ್ದಾಗಿರುತ್ತದೆ, ಇಲ್ಲವೇ ಆ ಲಾರಿ ಅಂದು ಯಾವ ಟೋಲನ್ನೂ ದಾಟಿರುವುದಿಲ್ಲ. ಫಾಸ್ಟ್ಯಾಗ್ ವಿವರ ಈಗ ಇಲಾಖೆಗೆ ಸಿಗುತ್ತದೆ.

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಕಡ್ಡಾಯ, ಅದನ್ನು ಬಂದ್ ಮಾಡುವಂತಿಲ್ಲ. ಯಾರ ಲಾಗಿನ್‌ನಿಂದ, ಯಾವಾಗ, ಏನು ತಿದ್ದಿದ್ದು ಎಲ್ಲ ಉಳಿಯುತ್ತದೆ. ಅಲ್ಲಿ ಉಳಿಯುವ ಹೆಸರು ನಿಮ್ಮದು, ಮಾಲೀಕರದ್ದಲ್ಲ. ಆದ್ದರಿಂದ ಲಾಗಿನ್ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಬಾಯಿಮಾತಿನ ಆದೇಶ ಬಂದ ದಿನವೇ ‘ಈ ಬಿಲ್ಲಿಗೆ ಸರಕು ಸ್ವೀಕೃತಿ, ತೂಕದ ಚೀಟಿ, ಲಾರಿ ವಿವರ ಬಂದಿಲ್ಲ, ಕಳಿಸಿದ ಮೇಲೆ ನಮೂದಿಸುತ್ತೇನೆ’ ಎಂದು ಇಮೇಲ್ ಹಾಕಿ. ಆರೋಪ ಮಾಡಬೇಡಿ, ಕಾಗದ ಕೇಳಿ. ಹೆಚ್ಚಿನ ಸಲ ಒತ್ತಡ ಅಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ಬರಹ ಯಾರಿಗೂ ಬೇಡ. ನಿಲ್ಲದಿದ್ದರೆ ಕೆಲಸ ಬಿಡುವುದೇ ಸರಿ. ತಿಂಗಳ ಸಂಬಳ ಸಣ್ಣ ಮಾತಲ್ಲ ಎಂಬುದು ಗೊತ್ತು, ಆದರೂ ಬೇರೆ ಸಲಹೆ ಕೊಡಲಾರೆವು.

ಪ್ರಶ್ನೆ: ಮುಂಬೈನ ದೊಡ್ಡ ಕಂಪನಿ ಸುಳ್ಳು ಲೆಕ್ಕ ಬರೆದರೆ ಸಕಲೇಶಪುರದಲ್ಲಿ ಪಿಕಪ್ ಓಡಿಸುವ ನನಗೇನು?
– ವಾಹನ ಮಾಲೀಕರು, ಸಕಲೇಶಪುರ

ಉತ್ತರ: ನಿಮ್ಮ ಪಿಕಪ್ ಸಾಲ ಫೈನಾನ್ಸ್ ಕಂಪನಿಯದ್ದೇ? ಹಾಗಿದ್ದರೆ 2018ರ ಕೊನೆಯನ್ನು ನೆನಪಿಸಿಕೊಳ್ಳಿ.

ಐಎಲ್ ಅಂಡ್ ಎಫ್ಎಸ್ ರಸ್ತೆ, ವಿದ್ಯುತ್ ಯೋಜನೆಗಳಿಗೆ ಹಣ ಹೂಡುತ್ತಿದ್ದ ಗುಂಪು. 300ಕ್ಕೂ ಹೆಚ್ಚು ಕಂಪನಿಗಳು, ಸುಮಾರು 91,000 ಕೋಟಿ ಸಾಲ. ರೇಟಿಂಗ್ ಸಂಸ್ಥೆಗಳು ಕೊಟ್ಟಿದ್ದದ್ದು ಅತ್ಯುನ್ನತ ದರ್ಜೆ. ಅದರ ಹಣಕಾಸು ಅಂಗಸಂಸ್ಥೆ, ಕಂತು ಕಟ್ಟಲಾಗದ ಸಾಲಗಾರರ ಗುಂಪಿನ ಬೇರೆ ಕಂಪನಿಗಳಿಗೆ ಹೊಸ ಸಾಲ ಕೊಟ್ಟು ಹಳೆಯದನ್ನು ತೀರಿಸಿ ತೋರಿಸಿತು ಎಂಬುದು ಗಂಭೀರ ವಂಚನೆ ತನಿಖಾ ಕಚೇರಿಯ ಆರೋಪ. ಅರಸೀಕೆರೆಯ ಅಕ್ಕನಿಗೆ ಮೇಲೆ ವಿವರಿಸಿದ ಬುಕ್ ಅಡ್ಜಸ್ಟ್‌ಮೆಂಟೇ, ಕೋಟಿಗಳಲ್ಲಿ.

ಅದು ಸಾಲ ತೀರಿಸದೆ ಕೈಯೆತ್ತಿದಾಗ ಅದಕ್ಕೆ ಕೊಟ್ಟವರು ಮಾತ್ರ ಕೆಡಲಿಲ್ಲ. ಮ್ಯೂಚುವಲ್ ಫಂಡ್‌ಗಳು ಹೆದರಿ ಉಳಿದ ಫೈನಾನ್ಸ್ ಕಂಪನಿಗಳಿಗೂ ಮೂರು ತಿಂಗಳ ಅಲ್ಪಾವಧಿ ಸಾಲ ನವೀಕರಿಸುವುದನ್ನು ನಿಲ್ಲಿಸಿದವು. ಆ ಕಂಪನಿಗಳು ಮೂರು ತಿಂಗಳಿಗೆ ತಂದ ಹಣವನ್ನು ಐದು ವರ್ಷದ ವಾಹನ ಸಾಲಕ್ಕೆ ಕೊಟ್ಟಿದ್ದವು. ಮೇಲಿನ ನಲ್ಲಿ ನಿಂತ ಮೇಲೆ ಕೆಳಗೆ ಪಿಕಪ್, ಟ್ರ್ಯಾಕ್ಟರ್, ಸಣ್ಣ ಅಂಗಡಿ ಸಾಲ ಒಣಗಿತು, ಬಡ್ಡಿ ಏರಿತು. 2019ರಲ್ಲಿ ವಾಹನ ಮಾರಾಟ ಕುಸಿಯಲು ಇದೂ ಒಂದು ಕಾರಣ. ಒಬ್ಬರ ಲೆಕ್ಕ ಸುಳ್ಳೆಂದು ಗೊತ್ತಾದಾಗ ಯಾರ ಲೆಕ್ಕ ನಿಜವೆಂದು ತಿಳಿಯದೆ ಎಲ್ಲರಿಗೂ ಸಾಲ ನಿಲ್ಲಿಸುತ್ತಾರೆ. ಸರಿಯಾಗಿ ಕಂತು ಕಟ್ಟುತ್ತಿದ್ದ ನಿಮಗೂ.

ಇನ್ನೊಂದು ಪೆಟ್ಟು ಅಷ್ಟಾಗಿ ಕಾಣುವುದಿಲ್ಲ. ಶೇ 8 ಲಾಭದ ಪ್ರಾಮಾಣಿಕ ಕಾರ್ಖಾನೆ ಮತ್ತು ಶೇ 20 ಎಂದು ಸುಳ್ಳು ಬರೆದ ಕಾರ್ಖಾನೆ ಒಟ್ಟಿಗೆ ಬ್ಯಾಂಕಿಗೆ ಹೋದರೆ ಸಾಲ ಯಾರಿಗೆ ಸಿಗುತ್ತದೆ? ಮುಳುಗುವವರ ಕೈಗೆ ಹಣ ಹೋಗಿ, ಕೆಲಸ ಕೊಡಬಲ್ಲವರು ಬರಿಗೈಯಲ್ಲಿ ಬರುತ್ತಾರೆ.

ಪ್ರಶ್ನೆ: ಕಾಫಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಬೇರೆ ವ್ಯಾಪಾರದ ಹಣವನ್ನು ತೋಟದ ಆದಾಯವೆಂದು ಬರೆಯುತ್ತಾರಲ್ಲ, ಸಿಕ್ಕಿಬೀಳುವುದಿಲ್ಲವೇ?
– ಓದುಗರು, ಕೊಪ್ಪ

ಉತ್ತರ: ‘ತೆರಿಗೆ ಇಲ್ಲ’ ಎಂಬುದೇ ಅರ್ಧಸತ್ಯ. ಬೆಳೆಗಾರರು ಚೆರಿ, ಪಾರ್ಚ್‌ಮೆಂಟ್ ಹಾಗೇ ಮಾರಿದರೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತಾವೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಬೇಳೆ ಹಸನು) ಮಾಡಿಸಿ ಮಾರಿದರೆ ಶೇ 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ವ್ಯಾಪಾರದ ಆದಾಯವೆಂದೇ ಲೆಕ್ಕ.

ಸಿಕ್ಕಿಬೀಳುವುದು ಎಕರೆಯ ಲೆಕ್ಕದಲ್ಲಿ. ಪಹಣಿಯಲ್ಲಿ 5 ಎಕರೆ ರೋಬಸ್ಟಾ, ಮಾರಾಟದಲ್ಲಿ 500 ಚೀಲ ಚೆರಿ ಎಂದಿದ್ದರೆ ಅಧಿಕಾರಿ ಮೊದಲು ಕೇಳುವುದು ಗೊಬ್ಬರದ ಬಿಲ್ಲು, ಕೊಯ್ಲಿನ ಆಳುಗಳ ಪಟ್ಟಿ, ಕಣದ ಅಳತೆ. ಎಕರೆಗೆ ನೂರು ಚೀಲ ಬಿಡುವ ಗಿಡ ಇದ್ದರೆ ಅದರ ಕಸಿ ಕಡ್ಡಿಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರೇ ಸಾಲುಗಟ್ಟಿ ನಿಂತಾರು.